‘300 ಡಿಪಿಐ ಇಟ್ಟರೂ ಫೋಟೊ ವಾಪಸ್ ಬಂತು’: ಮಾಧ್ಯಮದ ಡಿಸೈನ್ ಕಲಿಯಲು ಸಾಲ ಮಾಡಬೇಕಾ?

ಪ್ರಶ್ನೆ: ನನಗೆ 23 ವರ್ಷ, ಬಿ.ಕಾಂ. ಆಗಿದೆ. ಚಳ್ಳಕೆರೆ ಹತ್ತಿರ ಅಪ್ಪನ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಯಲ್ಲಿ ಮದುವೆ ಕಾರ್ಡು, ಕರಪತ್ರ, ಫ್ಲೆಕ್ಸ್ ಮಾಡುತ್ತೇನೆ. ಕೋರಲ್‌ಡ್ರಾ, ನುಡಿ ಚೆನ್ನಾಗಿ ಬರುತ್ತವೆ. ಫೋಟೊಶಾಪ್ ಅಷ್ಟಕ್ಕಷ್ಟೆ. ಪತ್ರಿಕೆ ಅಥವಾ ನ್ಯೂಸ್ ಚಾನೆಲ್‌ನ ಡಿಸೈನ್ ವಿಭಾಗ ಸೇರುವ ಆಸೆ. ಫೋಟೊಗ್ರಫಿಯನ್ನೂ ಕಲಿಯಬೇಕು. ಬೆಂಗಳೂರಿನ ಒಂದು ಸಂಸ್ಥೆ ಒಂದು ವರ್ಷದ ಕೋರ್ಸಿಗೆ 1.8 ಲಕ್ಷ ಕೇಳುತ್ತಿದೆ, ‘ನೂರಕ್ಕೆ ನೂರು ಕೆಲಸ’ ಅನ್ನುತ್ತಾರೆ. ಜೊತೆಗೆ ಕ್ಯಾಮೆರಾ, ಲ್ಯಾಪ್‌ಟಾಪ್ ಅಂದರೆ ಸಾಲ ಮಾಡಲೇಬೇಕು. ನಾಯಕನಹಟ್ಟಿ ಜಾತ್ರೆಯ ಫೋಟೊ ಒಂದನ್ನು ಮಾಸಪತ್ರಿಕೆಗೆ ಕಳಿಸಿದ್ದೆ. 300 ಡಿಪಿಐ ಮಾಡಿಯೇ ಕಳಿಸಿದ್ದರೂ ‘ರೆಸಲ್ಯೂಷನ್ ಸಾಲದು’ ಅಂತ ವಾಪಸ್ ಬಂತು. ಒಂದು ಬ್ರೋಷರ್ ಮಾಡಿದೆ, ಸ್ಕ್ರೀನಿನಲ್ಲಿ ಹೊಳೆಯುತ್ತಿದ್ದ ನೀಲಿ ಪ್ರಿಂಟಿನಲ್ಲಿ ಮಂಕಾಗಿ ನೇರಳೆಗೆ ತಿರುಗಿತು. ಫೋಟೊಶಾಪ್‌ನಲ್ಲಿ ಕನ್ನಡ ಒತ್ತಕ್ಷರ ಒಡೆಯುತ್ತದೆ. ಚಿತ್ರ ಬಿಡಿಸಲು ಬರುವುದಿಲ್ಲ. ‘ಇನ್ನೆರಡು ವರ್ಷದಲ್ಲಿ ಎಲ್ಲಾ ಎಐ ಮಾಡುತ್ತೆ, ಸುಮ್ನೆ ಬ್ಯಾಂಕ್ ಪರೀಕ್ಷೆ ಕಟ್ಟು’ ಅಂತ ಮಾವ ಹೇಳುತ್ತಾರೆ. ಏನು ಮಾಡಲಿ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಟ್ಟಿಗೆ ಕಲೆತಿವೆ. ಒಂದು, ನನಗೆ ಈ ಕೆಲಸ ಸರಿಯಾಗಿ ಬರುತ್ತಾ ಅನ್ನೋದು. ಇನ್ನೊಂದು, ಇದಕ್ಕೆ ಸಾಲ ಮಾಡಿ ದುಡ್ಡು ಹಾಕಬಹುದಾ ಅನ್ನೋದು. ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದು ಅರ್ಧ ತಾನಾಗಿಯೇ ಬಗೆಹರಿಯುತ್ತದೆ. ಹಾಗಾಗಿ ವಾಪಸ್ ಬಂದ ಫೋಟೊ, ಮಂಕಾದ ನೀಲಿ, ಒಡೆದ ಒತ್ತಕ್ಷರ ಈ ಮೂರರಿಂದಲೇ ಶುರು ಮಾಡುತ್ತೇನೆ. ಪತ್ರಿಕೆಯ ಪುಟ ವಿನ್ಯಾಸ ಮತ್ತು ಫೋಟೊ ಡೆಸ್ಕಿನಲ್ಲಿ ಬಹಳ ಕಾಲ ಕೂತವನು ನಾನು. ಹೊಸಬರು ಎಡವುವುದು ಹೆಚ್ಚುಕಡಿಮೆ ಈ ಮೂರು ಜಾಗದಲ್ಲೇ. ದುಬಾರಿ ಕೋರ್ಸ್ ಮುಗಿಸಿ ಬಂದವರೂ ಎಡವುತ್ತಾರೆ.

ಫೋಟೊ ವಿಷಯ. 300 ಡಿಪಿಐ ಅನ್ನುವುದು ಫೋಟೊದ ಗುಣ ಅಂತ ಬಹಳ ಜನ ನಂಬಿದ್ದಾರೆ. ಫೈಲಿನೊಳಗೆ ನಿಜವಾಗಿ ಇರುವುದು ಪಿಕ್ಸೆಲ್, ಅಂದರೆ ಬಣ್ಣದ ಪುಟ್ಟ ಚೌಕಗಳು ಮಾತ್ರ. ಆ ಪಿಕ್ಸೆಲ್‌ಗಳನ್ನು ಕಾಗದದ ಒಂದು ಇಂಚಿನಲ್ಲಿ ಎಷ್ಟು ಕೂರಿಸಬೇಕು ಅನ್ನುವ ಸೂಚನೆ ಈ 300. ಎ4 ಅಳತೆಯ ಮ್ಯಾಗಜಿನ್ ಪುಟ ತುಂಬ ಒಂದು ಫೋಟೊ ಹಾಕಬೇಕು ಅನ್ನಿ. ಅಗಲಕ್ಕೆ 2480, ಎತ್ತರಕ್ಕೆ 3508 ಪಿಕ್ಸೆಲ್ ಬೇಕು. ಅಂಚು ಕತ್ತರಿಸಲು ಸುತ್ತ ಬಿಡುವ 3 ಮಿಲಿಮೀಟರ್ ಬ್ಲೀಡ್ ಸೇರಿಸಿದರೆ ಇನ್ನೂ ಸ್ವಲ್ಪ ಜಾಸ್ತಿ.

ನಿಮ್ಮ ಫೋಟೊ ಫೋನಿನಿಂದ ಕಂಪ್ಯೂಟರಿಗೆ ಹೇಗೆ ಬಂತು? ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಂಡಿದ್ದೀರಿ ಅಂತ ನನ್ನ ಅನುಮಾನ. ಮಾಮೂಲಿ ಸೆಟ್ಟಿಂಗಿನಲ್ಲಿ ವಾಟ್ಸಾಪ್ ಫೋಟೊದ ಉದ್ದ ಬದಿಯನ್ನು 1600 ಪಿಕ್ಸೆಲ್ ಆಸುಪಾಸಿಗೆ ಇಳಿಸಿಬಿಡುತ್ತದೆ. 3508 ಬೇಕಾದ ಕಡೆ 1600. ಲೆಕ್ಕ ಹಾಕಿದರೆ ಇಂಚಿಗೆ 137 ಪಿಕ್ಸೆಲ್. ನೀವು ಫೋಟೊಶಾಪ್‌ನ ‘ಇಮೇಜ್ ಸೈಜ್’ನಲ್ಲಿ 72 ಅಳಿಸಿ 300 ಅಂತ ಬರೆದಿರುತ್ತೀರಿ. ಆಗ ‘ರೀಸ್ಯಾಂಪಲ್’ ಟಿಕ್ ಇಲ್ಲದಿದ್ದರೆ ನಂಬರು ಬದಲಾಯಿತೇ ಹೊರತು ಬೇರೇನೂ ಆಗಿಲ್ಲ. ಟಿಕ್ ಇದ್ದಿದ್ದರೆ ಇನ್ನೂ ಕೆಟ್ಟದ್ದು, ಸಾಫ್ಟ್‌ವೇರ್ ಇಲ್ಲದ ಪಿಕ್ಸೆಲ್ ಹುಟ್ಟಿಸಿ ತುಂಬಿರುತ್ತದೆ. ಫೈಲ್ ದೊಡ್ಡದಾಗುತ್ತದೆ, ಮುಖಗಳು ಮಾತ್ರ ಮೇಣದ ಗೊಂಬೆ ಹಾಗೆ ಕಾಣುತ್ತವೆ. ಡೆಸ್ಕಿನಲ್ಲಿ ಕೂತವರು ಒಮ್ಮೆ ಝೂಮ್ ಮಾಡಿದರೆ ಸಾಕು, ಗೊತ್ತಾಗಿಬಿಡುತ್ತದೆ.

ಅದೇ ಫೋಟೊ ದಿನಪತ್ರಿಕೆಗೆ ಹೋಗಿದ್ದರೆ ನಡೆಯುತ್ತಿತ್ತೋ ಏನೋ! ನ್ಯೂಸ್‌ಪ್ರಿಂಟ್ ಒರಟು ಕಾಗದ, ಅದರ ಮೇಲೆ ಬೀಳುವ ಇಂಕಿನ ಚುಕ್ಕೆಗಳೂ ದಪ್ಪ. ಇಂಚಿಗೆ 200 ಪಿಕ್ಸೆಲ್ ಇದ್ದರೆ ಧಾರಾಳ. 1600 ಪಿಕ್ಸೆಲ್‌ನಲ್ಲಿ ಎಂಟು ಇಂಚು, ಅಂದರೆ 20 ಸೆಂಟಿಮೀಟರ್ ಸಿಗುತ್ತದೆ. ನಾಲ್ಕು ಕಾಲಂ ಫೋಟೊಗೆ ಸಾಕು. ಇನ್ನು ನೀವು ದಿನಾ ಮಾಡುವ ಫ್ಲೆಕ್ಸ್ ಲೆಕ್ಕವೇ ಬೇರೆ. 20 ಅಡಿ ಅಗಲದ ಬ್ಯಾನರ್‌ಗೆ 300 ಇಟ್ಟರೆ ಅಗಲವೇ 72,000 ಪಿಕ್ಸೆಲ್ ಆಗುತ್ತದೆ, ನಿಮ್ಮ ಅಂಗಡಿಯ ಕಂಪ್ಯೂಟರ್ ಅಲ್ಲೇ ಮಲಗುತ್ತದೆ. ರಸ್ತೆಯ ಆಚೆಯಿಂದ ನೋಡುವ ಬ್ಯಾನರ್‌ಗೆ 72 ಇದ್ದರೂ ಸಾಕು ಅಂತ ನಿಮಗೆ ಅನುಭವದಿಂದಲೇ ಗೊತ್ತಿರುತ್ತದೆ. ಯಾವುದರ ಮೇಲೆ ಅಚ್ಚಾಗುತ್ತದೆ, ಎಷ್ಟು ದೊಡ್ಡದಾಗಿ, ಎಷ್ಟು ದೂರದಿಂದ ನೋಡುತ್ತಾರೆ ಈ ಮೂರನ್ನು ಮೊದಲು ಕೇಳಿಕೊಳ್ಳಿ. ಆಮೇಲೆ ಪಿಕ್ಸೆಲ್ ಎಣಿಸಿ. ಇನ್ನು ಮುಂದೆ ಫೋನಿನಿಂದ ಫೋಟೊ ಕೇಬಲ್ಲಿನಲ್ಲಿ ತೆಗೆಯಿರಿ. ವಾಟ್ಸಾಪೇ ಗತಿ ಅಂದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ.

ಇನ್ನು ಆ ನೀಲಿ. ಪ್ರೆಸ್‌ನವರು ಹಾಳು ಮಾಡಿದರು ಅಂತ ನಿಮಗೆ ಅನ್ನಿಸಿರಬಹುದು. ಪಾಪ, ಈ ವಿಷಯದಲ್ಲಿ ಅವರ ತಪ್ಪು ಕಡಿಮೆ. ಸ್ಕ್ರೀನು ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ಮಾಡುತ್ತದೆ, ಅದು ಆರ್‌ಜಿಬಿ. ಕಾಗದದ ಮೇಲೆ ಇರುವುದು ನಾಲ್ಕು ಇಂಕ್: ಸಯಾನ್ ಅನ್ನುವ ತಿಳಿನೀಲಿ, ಮಜೆಂಟಾ ಅನ್ನುವ ಗುಲಾಬಿ, ಹಳದಿ ಮತ್ತು ಕಪ್ಪು (ಕೆ). ಅದು ಸಿಎಂವೈಕೆ. ಸ್ಕ್ರೀನ್ ತೋರಿಸುವ ಎಷ್ಟೋ ಬಣ್ಣಗಳನ್ನು ಈ ನಾಲ್ಕು ಇಂಕ್ ಸೇರಿಸಿ ಮಾಡಲು ಆಗುವುದೇ ಇಲ್ಲ. ಕಡುನೀಲಿ, ಗಿಳಿಹಸಿರು, ಹೊಳೆಯುವ ಕಿತ್ತಳೆ, ರಾಣಿ ಪಿಂಕ್ ಈ ಪಟ್ಟಿಯ ಮುಂಚೂಣಿಯಲ್ಲಿವೆ. ನಮ್ಮ ಸೀರೆ, ಜಾತ್ರೆ, ಬಾವುಟ ಎಲ್ಲದರಲ್ಲೂ ಇರುವುದು ಇವೇ ಬಣ್ಣಗಳು, ಏನು ಮಾಡೋದು!

ಫೋಟೊಶಾಪ್‌ನಲ್ಲಿ ಕಂಟ್ರೋಲ್ ವೈ ಒತ್ತಿದರೆ ಪ್ರಿಂಟಿನಲ್ಲಿ ಹೇಗೆ ಕಾಣಬಹುದು ಅಂತ ತೋರಿಸುತ್ತದೆ. ಅದರ ಜೊತೆ ಶಿಫ್ಟ್ ಸೇರಿಸಿ ಒತ್ತಿದರೆ ಯಾವ್ಯಾವ ಬಣ್ಣ ಇಂಕಿಗೆ ಸಿಗುವುದಿಲ್ಲವೋ ಅಲ್ಲೆಲ್ಲ ಬೂದು ಬಣ್ಣ ಬಳಿಯುತ್ತದೆ. ನೀಲಿ ನೇರಳೆಗೆ ತಿರುಗಿದ್ದಕ್ಕೆ ಕಾರಣ ಮಜೆಂಟಾ ಹೆಚ್ಚಾಗಿದ್ದು. ಸಯಾನ್ ಶೇ 100 ಇದ್ದರೆ ಮಜೆಂಟಾ ಶೇ 70 ದಾಟಿಸಬೇಡಿ. ಎರಡಕ್ಕೂ ಮಧ್ಯೆ ಮೂವತ್ತರಷ್ಟು ಅಂತರ ಇರಲಿ, ನೀಲಿ ನೀಲಿಯಾಗಿಯೇ ಬರುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಕಪ್ಪಿನದ್ದು. ಅದು ನಿಮ್ಮ ಪತ್ರದಲ್ಲಿ ಇಲ್ಲ, ಆದರೂ ಹೇಳಬೇಕು. ಆರ್‌ಜಿಬಿಯಲ್ಲಿ ಟೈಪ್ ಮಾಡಿದ ಕಪ್ಪು ಅಕ್ಷರವನ್ನು ಹಾಗೇ ಸಿಎಂವೈಕೆಗೆ ಬದಲಾಯಿಸಿ ನೋಡಿ. ಫೋಟೊಶಾಪ್‌ನ ಅಮೆರಿಕನ್ ಡೀಫಾಲ್ಟ್ ಸೆಟ್ಟಿಂಗಿನಲ್ಲಿ ಆ ಕಪ್ಪು 75, 68, 67, 90 ಅಂತ ನಾಲ್ಕೂ ಇಂಕಿಗೆ ಹಂಚಿಹೋಗಿರುತ್ತದೆ. ಕೂಡಿದರೆ ಶೇ 300. ನ್ಯೂಸ್‌ಪ್ರಿಂಟ್ ತಡೆಯುವುದು ಒಟ್ಟು 240ರ ಆಸುಪಾಸು. ಮಿಕ್ಕಿದ್ದು ಪಕ್ಕದ ಪುಟಕ್ಕೆ ಅಂಟುತ್ತದೆ, ಓದುವವರ ಕೈಗೂ ಮೆತ್ತುತ್ತದೆ. ಮೇಲಾಗಿ ಓಡುವ ಮಷಿನ್‌ನಲ್ಲಿ ನಾಲ್ಕು ಬಣ್ಣ ಕೂದಲೆಳೆಯಷ್ಟು ಆಚೀಚೆ ಆಗುವುದು ಮಾಮೂಲು. ಇಂಗ್ಲಿಷ್ ಅಕ್ಷರ ಹೇಗೋ ಬಚಾವಾಗುತ್ತದೆ. ನಮ್ಮ ‘ಸ್ತ್ರೀ’, ‘ರಾಷ್ಟ್ರ’, ‘ಲಕ್ಷ್ಮೀ’ ನೋಡಿ, ಒಳಗೆಲ್ಲ ಸಣ್ಣ ಸಣ್ಣ ಸುರುಳಿ. ಆ ಸುರುಳಿಯೊಳಗೆ ಗುಲಾಬಿ, ಹಳದಿ ನುಗ್ಗಿತು ಅಂದರೆ ಅಕ್ಷರವೇ ಮುಚ್ಚಿಹೋಗುತ್ತದೆ. ಬರಹ ಯಾವಾಗಲೂ ಬರೀ ಕಪ್ಪು ಇಂಕಿನಲ್ಲಿ ಇರಲಿ: ಕೆ 100, ಉಳಿದ ಮೂರೂ ಸೊನ್ನೆ.

ಮೂರನೆಯದು ಒಡೆಯುವ ಕನ್ನಡ. ಇದಕ್ಕೆ ಮದ್ದು ಒಂದೇ ನಿಮಿಷದ್ದು. ಫೋಟೊಶಾಪ್‌ನ ಪ್ರಿಫರೆನ್ಸಸ್‌ನಲ್ಲಿ ‘ಟೈಪ್’ ಅಂತ ಇದೆ. ಅಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಅಂತ ಆಯ್ಕೆ ಇದ್ದರೆ ಅದನ್ನು ಆರಿಸಿ. ಹಳೆಯ ಆವೃತ್ತಿಯಾದರೆ ‘ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಅಂತ ಇರುತ್ತದೆ. ಪ್ರೋಗ್ರಾಂ ಮುಚ್ಚಿ ತೆರೆದು ಹೊಸ ಫೈಲ್ ಮಾಡಿ. ಪುಟ ಕಟ್ಟುವ ಸಾಫ್ಟ್‌ವೇರ್ ಆದ ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಮೆನುವಿನೊಳಗೆ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಬೇಕು. ಉಚಿತವಾಗಿ ಸಿಗುವ ಡಿಸೈನ್ ಸಾಫ್ಟ್‌ವೇರ್‌ಗಳಾದ ಇಂಕ್‌ಸ್ಕೇಪ್, ಗಿಂಪ್‌ಗಳಲ್ಲಿ ಈ ತಾಪತ್ರಯವೇ ಇಲ್ಲ, ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಅಕ್ಷರ ಸಂಕೇತ) ಕನ್ನಡ ತಾನಾಗಿ ಕೂಡಿಕೊಳ್ಳುತ್ತದೆ.

ಆದರೆ ಸೆಟ್ಟಿಂಗ್ ಬದಲಾಯಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಅಂಗಡಿಯಲ್ಲಿ ನೀವು ಬಳಸುವುದು ನುಡಿಯ ಹಳೆಯ ಆಸ್ಕಿ ಫಾಂಟ್ ಇರಬೇಕು. ಅದರಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಫೈಲಿನೊಳಗೆ ಕೂತಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಾಗದ ಗೀಚು. ವೆಬ್‌ಸೈಟಿಗೆ ಹಾಕಿದರೆ ಗೂಗಲ್‌ಗೂ ಅದು ಕನ್ನಡ ಅಂತ ಗೊತ್ತಾಗುವುದಿಲ್ಲ. ಮುದ್ರಣ, ವೆಬ್, ಟಿವಿ ಪಟ್ಟಿ ಎಲ್ಲಕ್ಕೂ ಒಂದೇ ಬರಹ ಓಡಾಡುವ ಕಾಲ ಇದು. ಯುನಿಕೋಡ್‌ನಲ್ಲೇ ಟೈಪ್ ಮಾಡುವ ರೂಢಿ ಇವತ್ತೇ ಶುರು ಮಾಡಿ. ನೋಟೊ, ಬಾಲೂ ತಮ್ಮ, ಅನೇಕ್ ಕನ್ನಡ, ಟಿರೊ ಕನ್ನಡ ಎಲ್ಲ ಉಚಿತ ಫಾಂಟುಗಳು, ಮುದ್ರಣಕ್ಕೂ ಬಳಸಬಹುದು. ಹಾಗಂತ ಆಸ್ಕಿ ಮರೆಯಬೇಡಿ. ನಮ್ಮ ಎಷ್ಟೋ ಪ್ರೆಸ್‌ಗಳ ಹಳೆಯ ಫೈಲುಗಳೆಲ್ಲ ಅದರಲ್ಲೇ ಇವೆ. ಎರಡೂ ಬಲ್ಲವರು ಸಿಗುವುದು ಕಷ್ಟ. ನಿಮಗೆ ಒಂದು ಆಗಲೇ ಬರುತ್ತದೆ.

ಇಲ್ಲಿ ಒಂದು ಮಾತು. ಕನ್ನಡದ ಸಾಲು ಕೂರಿಸುವುದನ್ನು ಯಾವ ಇಂಗ್ಲಿಷ್ ಟ್ಯುಟೋರಿಯಲ್ಲೂ ಹೇಳಿಕೊಡುವುದಿಲ್ಲ. ನಮಗೆ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಇಂಗ್ಲಿಷಿಗೆ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲಿನ ಅಂತರ ಸಾಕು. ಕನ್ನಡಕ್ಕೆ ಅಷ್ಟೇ ಕೊಟ್ಟರೆ ಎಷ್ಟೋ ಫಾಂಟುಗಳಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಹೆಡ್‌ಲೈನಿನಲ್ಲಿ ‘ರಾಷ್ಟ್ರ’ದ ಕೆಳಗೆ ‘ಕೀರ್ತಿ’ ಬಂದರೆ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ಆಗ ಅಂತರ ಹೆಚ್ಚಿಸುವುದಕ್ಕಿಂತ ಪದವನ್ನು ಅತ್ತಿತ್ತ ಸರಿಸುವುದೇ ಮೇಲು. ಒಳ್ಳೆಯ ಪುಟ ವಿನ್ಯಾಸಗಾರರು ಉಪಸಂಪಾದಕರ ಹತ್ತಿರ ಹೋಗಿ, ‘ಸಾರ್, ಈ ಪದ ಆ ಸಾಲಿಗೆ ಹಾಕಲಾ?’ ಅಂತ ಕೇಳುತ್ತಾರೆ. ಮದುವೆ ಕಾರ್ಡಿನಲ್ಲಿ ನೂರಾರು ಹೆಸರು ಜೋಡಿಸಿದ ನಿಮಗೆ ಈ ಕಣ್ಣು ಅರ್ಧ ಬಂದೇ ಇರುತ್ತದೆ. ಅದನ್ನು ಕಡಿಮೆ ಅಂದುಕೊಳ್ಳಬೇಡಿ.

ಚಿತ್ರ ಬಿಡಿಸಲು ಬರದಿದ್ದರೆ ಡಿಸೈನ್ ಬರುವುದಿಲ್ಲ ಅನ್ನುವುದು ಸುಳ್ಳು. ಇಲಸ್ಟ್ರೇಷನ್ ಮಾಡಬೇಕು ಅಂದರೆ ಕೈ ಪಳಗಬೇಕು, ನಿಜ. ಪುಟ ವಿನ್ಯಾಸಕ್ಕೆ ಬೇಕಾದದ್ದು ಯಾವುದು ಮುಖ್ಯ ಅಂತ ತೀರ್ಮಾನ ಮಾಡುವ ಬುದ್ಧಿ. ಪೆನ್ಸಿಲಿನಲ್ಲಿ ನಾಲ್ಕು ಚೌಕ ಗೀಚಿ, ಇಲ್ಲಿ ಫೋಟೊ, ಇಲ್ಲಿ ಹೆಡ್‌ಲೈನ್ ಅಂತ ತೋರಿಸಲು ಬಂದರೆ ಸಾಕು.

ಫೋಟೊಗ್ರಫಿಗೆ ಬರೋಣ. ಯಾವ ಕ್ಯಾಮೆರಾ ಅಂತ ಎಲ್ಲರೂ ಕೇಳುತ್ತಾರೆ. ಮೆಗಾಪಿಕ್ಸೆಲ್ ಜಾಸ್ತಿ ಇದ್ದರೆ ಫೋಟೊ ಚೆನ್ನಾಗಿ ಬರುತ್ತೆ ಅನ್ನುವ ಮಾತನ್ನು ಅಂಗಡಿಯವರು ಹೇಳುತ್ತಾರೆ, ನಾವು ನಂಬುತ್ತೇವೆ. 24 ಮೆಗಾಪಿಕ್ಸೆಲ್ ಅಂದರೆ 6000 ಗುಣಿಸು 4000. ಇಂಚಿಗೆ 300ರಂತೆ 20 ಇಂಚು ಅಗಲ ಸಿಗುತ್ತದೆ. ಯಾವ ಮಾಸಪತ್ರಿಕೆಗೂ ಅದು ಸಾಕು. ಫೋನಿಗೂ ಕ್ಯಾಮೆರಾಕ್ಕೂ ನಿಜವಾದ ವ್ಯತ್ಯಾಸ ಇರುವುದು ಸೆನ್ಸರ್ ಮತ್ತು ಲೆನ್ಸಿನಲ್ಲಿ. ಸಂಜೆ ಬೆಳಕು, ಓಡುವ ಮಕ್ಕಳು, ದೂರದ ವೇದಿಕೆ ಇಲ್ಲೆಲ್ಲ ಫೋನ್ ಸೋಲುತ್ತದೆ. ಹಗಲು ಹೊತ್ತಿನ ಹತ್ತಿರದ ದೃಶ್ಯಕ್ಕೆ ಈಗಿನ ಸಾಧಾರಣ ಫೋನ್ ಧಾರಾಳ.

ತೆಗೆದುಕೊಳ್ಳಲೇಬೇಕು ಅಂದರೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ನೋಡಿ. ಎಲ್ಲರೂ ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಕಡೆ ಓಡುತ್ತಿರುವುದರಿಂದ ಒಳ್ಳೊಳ್ಳೆ ಡಿಎಸ್‌ಎಲ್‌ಆರ್‌ಗಳು ಕಡಿಮೆಗೆ ಸಿಗುತ್ತಿವೆ. ಜೊತೆಗೆ ಬರುವ 18–55 ಲೆನ್ಸ್, ಆಮೇಲೆ 50 ಎಂಎಂ ಎಫ್ 1.8 ಒಂದು. ಕಲಿಯಲು ಇಷ್ಟು ಸಾಕು. ಕೊಳ್ಳುವ ಮುಂಚೆ ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಮಲೆನಾಡು, ಕರಾವಳಿ ಕಡೆಯಿಂದ ಬಂದ ಲೆನ್ಸುಗಳಲ್ಲಿ ಇದು ಜಾಸ್ತಿ. ಅಗ್ಗಕ್ಕೆ ಕೊಡುತ್ತೇನೆ ಅಂದರೂ ಬೇಡ ಅನ್ನಿ.

ರಾ ಫಾರ್ಮ್ಯಾಟ್‌ನಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಕಚ್ಚಾ ಫೈಲಿನಲ್ಲಿ, ತೆಗೆಯದಿದ್ದರೆ ನೀವು ಫೋಟೊಗ್ರಾಫರೇ ಅಲ್ಲ ಅನ್ನುವವರೂ ಇದ್ದಾರೆ. ರಾ ಒಳ್ಳೆಯದೇ. ಮದುವೆ, ಜಾಹೀರಾತು, ವನ್ಯಜೀವಿ ಫೋಟೊಗೆ ಬೇಕು. ಮಾಮೂಲಿ ಫೋಟೊ ಫೈಲಾದ ಜೆಪೆಗ್ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಇಟ್ಟುಕೊಂಡರೆ 14 ಬಿಟ್ ರಾ 16,384 ಇಟ್ಟುಕೊಳ್ಳುತ್ತದೆ. ಆದರೆ ಸುದ್ದಿ ಲೋಕದ ನಡೆ ಬೇರೆ. ರಾಯಿಟರ್ಸ್ ಸುದ್ದಿಸಂಸ್ಥೆ 2015ರಲ್ಲಿ ತನ್ನ ಫ್ರೀಲಾನ್ಸ್ ಫೋಟೊಗ್ರಾಫರುಗಳಿಗೆ, ರಾದಿಂದ ಸಂಸ್ಕರಿಸಿದ ಫೋಟೊ ಬೇಡ, ಕ್ಯಾಮೆರಾದಲ್ಲೇ ಜೆಪೆಗ್ ಆಗಿ ತೆಗೆದದ್ದನ್ನೇ ಕಳಿಸಿ ಅಂತ ಹೇಳಿಬಿಟ್ಟಿತು. ಬೇಗ ಬರಬೇಕು, ಕೈಯಾಡಿಸಿದ್ದು ಕಡಿಮೆ ಇರಬೇಕು ಅನ್ನುವುದು ಕಾರಣ.

ಈ ಕೈಯಾಡಿಸುವ ವಿಷಯವನ್ನು ಗಂಭೀರವಾಗಿ ತೆಗೆದುಕೊಳ್ಳಿ. ಫ್ಲೆಕ್ಸ್‌ನಲ್ಲಿ ಒಬ್ಬರ ಪಕ್ಕ ಇನ್ನೊಬ್ಬರನ್ನು ಕತ್ತರಿಸಿ ನಿಲ್ಲಿಸುವುದು ನಿಮಗೆ ದಿನದ ಕೆಲಸ. ಸುದ್ದಿ ಫೋಟೊದಲ್ಲಿ ಅದು ಕೆಲಸ ಕಳೆಯುವ ಅಪರಾಧ. 2006ರಲ್ಲಿ ಬೈರೂತ್‌ನ ಒಂದು ಫೋಟೊದಲ್ಲಿ ಹೊಗೆಯನ್ನು ಕ್ಲೋನ್ (ನಕಲು) ಮಾಡಿ ಹೆಚ್ಚಿಸಿದ್ದಕ್ಕೆ ರಾಯಿಟರ್ಸ್ ಆ ಫೋಟೊಗ್ರಾಫರ್ ಜೊತೆ ಸಂಬಂಧ ಕಡಿದುಕೊಂಡಿತು. ಅವರ ನೂರಾರು ಫೋಟೊಗಳನ್ನೂ ಮಾರಾಟದಿಂದ ತೆಗೆದುಹಾಕಿತು. 2015ರ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಕೊನೆಯ ಸುತ್ತಿಗೆ ಹತ್ತಿರ ಬಂದಿದ್ದವುಗಳಲ್ಲಿ ಶೇ 20ರಷ್ಟು ಇದೇ ಕಾರಣಕ್ಕೆ ಹೊರಬಿದ್ದವು. ಬೆಳಕು ತುಸು ಏರಿಸುವುದು, ಕ್ರಾಪ್ ಮಾಡುವುದು ಸರಿ. ನ್ಯೂಸ್‌ಪ್ರಿಂಟಿನಲ್ಲಿ ಇಂಕಿನ ಚುಕ್ಕೆ ಹರಡಿಕೊಳ್ಳುತ್ತದೆ. ಶೇ 50ರ ಚುಕ್ಕೆ ಅಚ್ಚಾದ ಮೇಲೆ 75ರ ಹಾಗೆ ದಟ್ಟವಾಗಿ ಕಾಣುತ್ತದೆ. ಅದಕ್ಕೇ ಮಟಮಟ ಮಧ್ಯಾಹ್ನ ರುಮಾಲಿನ ನೆರಳಿನಲ್ಲಿರುವ ಮುಖವನ್ನು ಡೆಸ್ಕಿನವರು ತೆಳು ಮಾಡಿಯೇ ಕಳಿಸುತ್ತಾರೆ. ಆದರೆ ಅಡ್ಡ ಬಂದ ವೈರ್ ಅಳಿಸುವ ಹಾಗಿಲ್ಲ. ಬೇಡವಾದರೆ ತೆಗೆಯುವಾಗಲೇ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಬೇಕಿತ್ತು.

ಏನನ್ನು ತೆಗೆಯಬೇಕು ಅನ್ನುವುದಕ್ಕೆ ನಿಮ್ಮೂರ ಜಾತ್ರೆಯನ್ನೇ ನೋಡಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ರಥದ ಫೋಟೊ ನೂರು ಜನ ತೆಗೆಯುತ್ತಾರೆ. ಎಲ್ಲ ಒಂದೇ ಥರ. ಮುಕ್ತಿ ಬಾವುಟದ ಹರಾಜಿನ ಹೊತ್ತಿಗೆ ಕೂಗುವವರ ಕಡೆ ಬೆನ್ನು ಹಾಕಿ ಕೇಳುವವರ ಮುಖ ನೋಡಿದ್ದೀರಾ? ಕೊಬ್ಬರಿ ಸುಡುವ ಕಡೆ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, ಮಗುವಿನ ಮುಖಕ್ಕೆ ಸೆರಗು ಅಡ್ಡ ಹಿಡಿದ ಹೆಂಗಸು? ಫೋಟೊ ಸಂಪಾದಕರು ಹುಡುಕುವುದು ಅಂಥದ್ದನ್ನು. ಮೈಸೂರಿನ ಟಿ.ಎಸ್. ಸತ್ಯನ್ ಅವರ ಫೋಟೊಗಳನ್ನು ಹುಡುಕಿ ನೋಡಿ. 1977ರಲ್ಲಿ ಪದ್ಮಶ್ರೀ ಪಡೆದವರು. ಫಿಲಂ ಕಾಲದಲ್ಲಿ ದುಡಿದವರು. ಮಾಮೂಲಿ ಜನ, ಶಾಲೆ ಮಕ್ಕಳು, ಸಂತೆ ಬೀದಿ. ಫ್ರೇಮಿನ ನಾಲ್ಕು ಮೂಲೆಯಲ್ಲಿ ಏನಿದೆ, ಏನನ್ನು ಹೊರಗೆ ಬಿಟ್ಟಿದ್ದಾರೆ ಅಂತ ಗಮನಿಸಿ. ಹಾಗೇ ಫೋಟೊ ಕಳಿಸುವಾಗ ಯಾರು, ಎಲ್ಲಿ, ಯಾವಾಗ ಅನ್ನುವುದನ್ನು ‘ಫೈಲ್ ಇನ್ಫೊ’ದೊಳಗೆ ಬರೆದೇ ಕಳಿಸಿ. ಕ್ಯಾಪ್ಷನ್ ಇಲ್ಲದ ಒಳ್ಳೆಯ ಫೋಟೊಗಿಂತ ಕ್ಯಾಪ್ಷನ್ ಇರುವ ಸುಮಾರು ಫೋಟೊ ಬೇಗ ಅಚ್ಚಾಗುತ್ತದೆ. ಡೆಸ್ಕಿನಲ್ಲಿ ಹುಡುಕಿ ಕೇಳಲು ಯಾರಿಗೂ ಪುರುಸೊತ್ತಿಲ್ಲ.

ನಿಮ್ಮ ಮಾವನ ಮಾತು ಪೂರ್ತಿ ತಪ್ಪಲ್ಲ. ಬ್ಯಾಕ್‌ಗ್ರೌಂಡ್ ಕತ್ತರಿಸುವುದು, ಹುಟ್ಟುಹಬ್ಬದ ಬ್ಯಾನರ್, ‘ಶುಭಾಶಯಗಳು’ ಪೋಸ್ಟರ್ ಇಂಥ ಕೆಲಸ ಎಐ ಮತ್ತು ಮೊಬೈಲ್ ಟೆಂಪ್ಲೇಟಿಗೆ ಹೋಗುತ್ತಿದೆ, ಹೋಗುತ್ತದೆ. ಮೊದಲು ಪೆಟ್ಟು ಬೀಳುವುದು ಅಪ್ಪನ ಅಂಗಡಿಯ ಕೆಲಸಕ್ಕೇ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಹರಾಜು ನಡೆಯುವಾಗ ಅಲ್ಲಿ ನಿಂತಿರಲು ಎಐಗೆ ಆಗುವುದಿಲ್ಲ. ಹೆಡ್‌ಲೈನಿನಲ್ಲಿ ಒಂದು ಒತ್ತು ತಪ್ಪಿ ಅರ್ಥ ಕೆಟ್ಟರೆ ಬೆಳಗ್ಗೆ ಫೋನಿಗೆ ಉತ್ತರ ಕೊಡುವುದೂ ಮನುಷ್ಯರೇ. ಎಐ ಪೋಸ್ಟರುಗಳಲ್ಲಿ ಕನ್ನಡ ಅಕ್ಷರ ಎಷ್ಟು ಸಲ ಗಜಿಬಿಜಿಯಾಗಿರುತ್ತದೆ ಅಂತ ನೀವೇ ನೋಡಿರುತ್ತೀರಿ. ಅದು ನಾಳೆ ಸರಿಹೋಗಬಹುದು, ಹಾಗಾಗಿ ಅದನ್ನೇ ನಂಬಿ ಕೂರಬೇಡಿ. ಎಐಯನ್ನೂ ಒಂದು ಸಲಕರಣೆಯಾಗಿ ಕಲಿಯಿರಿ. ಸುದ್ದಿಯ ಫೋಟೊದೊಳಗೆ ಮಾತ್ರ ತರಬೇಡಿ. ಬ್ಯಾಂಕ್ ಪರೀಕ್ಷೆ ಬರೆಯುವುದು ಬಿಡುವುದು ನಿಮ್ಮಿಷ್ಟ. ಎರಡನ್ನೂ ಒಂದು ವರ್ಷ ಒಟ್ಟಿಗೆ ನಡೆಸಿದರೆ ಏನೂ ಮುಳುಗಿಹೋಗುವುದಿಲ್ಲ.

ಈಗ ದುಡ್ಡಿನ ಮಾತು. ನಮ್ಮಲ್ಲಿಗೆ ಕೆಲಸ ಕೇಳಿಕೊಂಡು ಬಂದವರಿಗೆ ನಾವು ಕೊಡುತ್ತಿದ್ದ ಪರೀಕ್ಷೆ ಸರಳ. ತಿದ್ದದ ಮೂರು ಫೋಟೊ, ಒಂದು ವರದಿ, ಎರಡು ಗಂಟೆ. ಕಾಲು ಪುಟ ಮಾಡಿ, ಮುದ್ರಣಕ್ಕೆ ಹೋಗುವ ಪಿಡಿಎಫ್ ಕೊಡಿ. ಸರ್ಟಿಫಿಕೇಟನ್ನು ಆಮೇಲೆ ನೋಡುತ್ತಿದ್ದೆವು, ಕೆಲವೊಮ್ಮೆ ನೋಡುತ್ತಲೇ ಇರಲಿಲ್ಲ. ಬಹಳ ಜನ ಮೂರು ಫೋಟೊವನ್ನೂ ತುರುಕಿ, ಹಿಂದೆ ಒಂದು ಗ್ರೇಡಿಯೆಂಟ್ ಹಾಕಿ, ಅಕ್ಷರಕ್ಕೆ ನೆರಳು ಬಿಟ್ಟು ಕೊಡುತ್ತಿದ್ದರು. ಒಂದು ಫೋಟೊ ಆರಿಸಿ, ದೊಡ್ಡದಾಗಿ ಹಾಕಿ, ಕ್ಯಾಪ್ಷನ್ ಸರಿ ಬರೆದು, ಬರಹ ಕೆ 100ರಲ್ಲಿ ಕೊಟ್ಟವರನ್ನು ಅಲ್ಲೇ ಕೂರಿಸಿಕೊಳ್ಳುತ್ತಿದ್ದೆವು.

ಆ 1.8 ಲಕ್ಷದ ಕೋರ್ಸ್ ಈ ಪರೀಕ್ಷೆಗೆ ನಿಮ್ಮನ್ನು ತಯಾರು ಮಾಡುತ್ತದಾ ಅನ್ನುವುದೇ ಪ್ರಶ್ನೆ. ಅಲ್ಲಿಗೆ ಹೋಗಿ ಕೇಳಿ. ಕಲಿಸುವವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ? ಹಿಂದಿನ ಬ್ಯಾಚಿನವರ ಅಚ್ಚಾದ ಕೆಲಸ ತೋರಿಸುತ್ತಾರಾ? ಸ್ಕ್ರೀನಿನಲ್ಲಿ ತೋರಿಸುವುದಲ್ಲ, ಕಾಗದದಲ್ಲಿ. ಕನ್ನಡ ಟೈಪ್ ಕೂರಿಸಲು ಕಲಿಸುತ್ತಾರಾ? ಸಾಫ್ಟ್‌ವೇರ್ ಲೈಸೆನ್ಸ್ ಇದೆಯಾ, ಅಥವಾ ಪೆನ್‌ಡ್ರೈವಿನಲ್ಲಿ ಕ್ರ್ಯಾಕ್ ಕೊಡುತ್ತಾರಾ? ಮಧ್ಯೆ ಬಿಟ್ಟರೆ ಎಷ್ಟು ವಾಪಸ್ ಅಂತ ಬರೆದು ಕೊಡುತ್ತಾರಾ? ‘ನೂರಕ್ಕೆ ನೂರು ಕೆಲಸ’ ಅನ್ನುವ ಕಡೆ ಅರ್ಜಿಯ ಸಣ್ಣ ಅಕ್ಷರ ಓದಿ, ಕೆಲಸ ಹುಡುಕಲು ‘ಸಹಾಯ’ ಅಂತ ಮಾತ್ರ ಇರುವುದೇ ಹೆಚ್ಚು. ಎಲ್ಲಾ ಸಂಸ್ಥೆಗಳೂ ಮೋಸ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಕಡೆ ಜೊತೆಗಾರರು ಸಿಗುತ್ತಾರೆ, ಬೈದು ತಿದ್ದುವವರು ಸಿಗುತ್ತಾರೆ, ಅದು ಮನೆಯಲ್ಲಿ ಕೂತು ಕಲಿತರೆ ಸಿಗುವುದಿಲ್ಲ. ಆದರೆ ಸಾಲದ ಕಂತು ಮೊದಲ ಸಂಬಳಕ್ಕಿಂತ ಮುಂಚೆ ಶುರುವಾಗುತ್ತದೆ. ಶುರುವಿನ ಸಂಬಳ ಬೆಂಗಳೂರಿನ ಪಿಜಿ ಬಾಡಿಗೆ, ಊಟಕ್ಕೇ ಹೋಗುತ್ತದೆ.

ಗಟ್ಟಿಯಾದ ಓದೇ ಬೇಕು ಅಂದರೆ ಮೈಸೂರಿನ ಕಾವಾ (ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು) ಇದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜಿದೆ. ಕಾವಾ ಸರ್ಕಾರಿ ಸಂಸ್ಥೆ, ಅಲ್ಲಿ ಫೋಟೊಗ್ರಫಿ ಮತ್ತು ಫೋಟೊ ಜರ್ನಲಿಸಂಗೇ ಪ್ರತ್ಯೇಕ ವಿಭಾಗ ಇದೆ. ಕೊರತೆ ಏನು ಅಂದರೆ ದೃಶ್ಯಕಲೆಯ ಬಿವಿಎ ನಾಲ್ಕು ವರ್ಷದ ಪದವಿ. 23ರಲ್ಲಿ ಇನ್ನೊಂದು ಪದವಿಗೆ ಮನೆಯವರು ಒಪ್ಪಬೇಕು. ಒಪ್ಪಿದರೆ ನಾನಂತೂ ಹೋಗಿ ಅನ್ನುತ್ತೇನೆ.

ಹತ್ತಿರದ ದಾರಿಯೂ ಇದೆ. ಚಿತ್ರದುರ್ಗದಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್‌ನ ಶಾಖೆ. ಹಳ್ಳಿಯ ನಿರುದ್ಯೋಗಿಗಳಿಗೆ ಊಟ, ವಸತಿ ಸಮೇತ ಉಚಿತ ತರಬೇತಿ ಕೊಡುತ್ತಾರೆ. ಇಂಥ ಸಂಸ್ಥೆಗಳ ತರಬೇತಿ ಪಟ್ಟಿಯಲ್ಲಿ ಫೋಟೊಗ್ರಫಿ, ವಿಡಿಯೊಗ್ರಫಿ ಇದೆ. ಒಂದು ತಿಂಗಳ ಕೋರ್ಸು. ಮುಂದಿನ ಬ್ಯಾಚ್ ಯಾವಾಗ ಅಂತ ಹೋಗಿ ಕೇಳಿ. ಅದು ಮದುವೆ ಸ್ಟುಡಿಯೊ ಇಡುವವರನ್ನು ಮನಸ್ಸಿನಲ್ಲಿಟ್ಟುಕೊಂಡ ತರಬೇತಿ, ಪತ್ರಿಕೆಯ ಕಣ್ಣು ಅಲ್ಲಿ ಸಿಗಲಿಕ್ಕಿಲ್ಲ. ಆದರೆ ಕ್ಯಾಮೆರಾದ ಭಯ ಹೋಗುತ್ತದೆ, ಒಂದು ಪೈಸೆ ಖರ್ಚಿಲ್ಲದೆ.

ಅದರ ಜೊತೆಗೆ ಚಿತ್ರದುರ್ಗ, ದಾವಣಗೆರೆಯಿಂದ ಹೊರಡುವ ದಿನಪತ್ರಿಕೆಗಳ ಕಚೇರಿಗೆ ಹೋಗಿ, ಪುಟ ಕಟ್ಟುವ ಕಡೆ ಮೂರು ತಿಂಗಳು ಕೂರುತ್ತೇನೆ ಅನ್ನಿ. ಸಣ್ಣ ಪತ್ರಿಕೆಯಲ್ಲಿ ಜನ ಕಡಿಮೆ, ನಿಮ್ಮ ವೇಗದ ಟೈಪಿಂಗ್ ನೋಡಿದರೆ ಬೇಡ ಅನ್ನುವುದು ಕಷ್ಟ. ಸಂಬಳ ಕೊಡದಿರಬಹುದು ಅಥವಾ ಹೆಸರಿಗೆ ಕೊಡಬಹುದು. ಮೂರು ತಿಂಗಳಿಗೆ ಗಡುವು ಹಾಕಿಕೊಳ್ಳಿ, ಬಿಟ್ಟಿ ದುಡಿಮೆಯಾಗಿ ಮುಂದುವರಿಯದಿರಲಿ. ಪುಟ ಮುಗಿಯುವುದು ರಾತ್ರಿ ಬಹಳ ಹೊತ್ತಾಗಿ. ಮನೆಗೆ ಬಿಡುವ ವ್ಯವಸ್ಥೆ ಇದೆಯಾ ಅಂತ ಮೊದಲ ದಿನವೇ ಕೇಳಿ, ಸಂಕೋಚ ಬೇಡ. ನಿಮ್ಮ ಹೆಸರಿನಲ್ಲಿ ನಾಲ್ಕೈದು ಪುಟ, ಕ್ಯಾಪ್ಷನ್ ಸಮೇತ ಅಚ್ಚಾದ ಕೆಲವು ಫೋಟೊ ಕೈಯಲ್ಲಿದ್ದರೆ ಬೆಂಗಳೂರಿನ ಕೋರ್ಸ್ ಬೇಕಾ ಬೇಡವಾ ಅಂತ ನಿಮಗೇ ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ, ಮೊದಲು ಇದು. 1.8 ಲಕ್ಷದ ಕೋರ್ಸ್ ಒಂದು ವರ್ಷ ಕಾಯಲಿ.

ಸಾಲ ಮಾಡಲೇಬೇಕಾದರೆ ಲ್ಯಾಪ್‌ಟಾಪಿಗೆ ಮಾತ್ರ ಮಾಡಿ. ಆ್ಯಪಲ್ಲೇ ಆಗಬೇಕು ಅನ್ನುವುದೆಲ್ಲ ಏನಿಲ್ಲ. 16 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇರಲಿ. ಎಲ್ಲರೂ ಪ್ರೊಸೆಸರ್ ನೋಡುತ್ತಾರೆ, ಸ್ಕ್ರೀನ್ ಯಾವುದು ಅಂತ ಕೇಳುವುದೇ ಇಲ್ಲ. ಅಗ್ಗದ ಲ್ಯಾಪ್‌ಟಾಪ್‌ಗಳ ವಿವರದಲ್ಲಿ ‘45% ಎನ್‌ಟಿಎಸ್‌ಸಿ’ ಅಂತ ಇರುತ್ತದೆ, ಸ್ಕ್ರೀನು ಎಷ್ಟು ಬಣ್ಣ ತೋರಿಸಬಲ್ಲದು ಅನ್ನುವ ಅಳತೆ ಅದು. ಅದರಲ್ಲಿ ಕೆಂಪು, ಹಸಿರು ಸರಿಯಾಗಿ ಕಾಣುವುದೇ ಇಲ್ಲ, ನೀವು ಕಾಣದ ಬಣ್ಣವನ್ನು ತಿದ್ದುತ್ತಾ ಕೂರುತ್ತೀರಿ. ‘100% ಎಸ್‌ಆರ್‌ಜಿಬಿ’ ಅಂತ ಇದ್ದರೆ ತೆಗೆದುಕೊಳ್ಳಿ. ಅಂಥದ್ದು ಬಜೆಟ್ಟಿಗೆ ಸಿಗದಿದ್ದರೆ ಈಗಿರುವ ಕಂಪ್ಯೂಟರಿಗೆ ಒಂದು ಒಳ್ಳೆಯ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ) ಮಾನಿಟರ್ ಸೇರಿಸಿ, ಅದರ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ ಕೆಲಸ ಶುರು ಮಾಡಿ.